ಸರೋವರದ ದಡದಲ್ಲಿ 24 ವರ್ಷ ಕುದಿಸಿದ ನೀರು

ಪ್ರಶ್ನೆ: ನಾವು ಒಂಬತ್ತು ವರ್ಷಗಳಿಂದ ಕೆನಡಾದ ವಿನ್ನಿಪೆಗ್ ನಗರದಲ್ಲಿದ್ದೇವೆ. ಮೊನ್ನೆ ಮಗಳು ಶಾಲೆಯಿಂದ ಬಂದವಳೇ, ‘ನಮ್ಮ ನಲ್ಲಿಗೆ ನೀರು ಕೊಡುವ ಸರೋವರದ ದಡದಲ್ಲೇ ಇರುವ ಮೂಲನಿವಾಸಿಗಳು 24 ವರ್ಷ ನೀರು ಕುದಿಸಿಕೊಂಡೇ ಬದುಕಿದರಂತೆ, ನಿಜವೇ ಅಮ್ಮ?’ ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಇಷ್ಟು ನೀರು, ಇಷ್ಟು ದುಡ್ಡು ಇರುವ ದೇಶದಲ್ಲಿ ಇದು ಹೇಗೆ ಸಾಧ್ಯ? ನಮ್ಮೂರ ಕಡೆ ಮಾಡುವಂತೆ ಮನೆಗೊಂದು ಫಿಲ್ಟರ್ ಕೊಟ್ಟರೆ ಸಾಲದೇ? ಒಮ್ಮೆ ಸರಿಪಡಿಸಿದ ಕಡೆ ನೀರು ಮತ್ತೆ ಕೆಡುವುದೂ ಉಂಟು ಎಂದು ಓದಿದೆ, ಏಕೆ ಹಾಗೆ? ನಮ್ಮಂಥವರು ಮಾಡಬಹುದಾದದ್ದು ಏನಾದರೂ ಇದೆಯೇ?

ಉತ್ತರ: ನಿಮ್ಮ ಮಗಳು ಹೇಳಿದ್ದು ನಿಜ. ಆ ಸಮುದಾಯದ ಹೆಸರು ಶೋಲ್ ಲೇಕ್ 40. ಮ್ಯಾನಿಟೋಬಾ ಮತ್ತು ಒಂಟಾರಿಯೊ ಪ್ರಾಂತ್ಯಗಳ ಗಡಿಯಲ್ಲಿರುವ ಅನಿಶಿನಾಬೆ ಜನರ ಊರು ಅದು. 1997ರಲ್ಲಿ ಅಲ್ಲಿ ‘ನೀರು ಕುದಿಸಿ ಕುಡಿಯಿರಿ’ ಎಂಬ ಎಚ್ಚರಿಕೆ ಹೊರಬಿತ್ತು. ಅದನ್ನು ಹಿಂದೆಗೆದುಕೊಂಡದ್ದು 2021ರ ಸೆಪ್ಟೆಂಬರ್‌ನಲ್ಲಿ. ಎಚ್ಚರಿಕೆ ಬಂದ ವರ್ಷ ಹುಟ್ಟಿದ ಮಗು ಬೆಳೆದು, ಓದು ಮುಗಿಸಿ, ಕೆಲಸಕ್ಕೆ ಸೇರುವಷ್ಟು ಕಾಲ ಆ ಊರಿನ ಒಲೆಗಳ ಮೇಲೆ ನೀರು ಕುದಿಯುತ್ತಲೇ ಇತ್ತು.

ಇದು ಹೇಗಾಯಿತು ಎಂದು ತಿಳಿಯಲು ನಿಮ್ಮ ನಗರದ ನೀರಿನ ಕಥೆಯಿಂದಲೇ ಆರಂಭಿಸಬೇಕು. 1904ರ ಸುಮಾರಿಗೆ ವಿನ್ನಿಪೆಗ್‌ನಲ್ಲಿ ವಿಷಮಶೀತ ಜ್ವರ ಹರಡಿತು. ಬೆಳೆಯುತ್ತಿದ್ದ ನಗರಕ್ಕೆ ಶುದ್ಧ ನೀರು ಬೇಕಿತ್ತು. 150 ಕಿಲೋಮೀಟರಿಗೂ ಹೆಚ್ಚು ದೂರದ ಶೋಲ್ ಲೇಕ್‌ನಿಂದ ಮುಚ್ಚಿದ ಕಾಂಕ್ರೀಟ್ ಕಾಲುವೆ ಕಟ್ಟಿದರು. 1919ರಲ್ಲಿ ನೀರು ನಗರ ಮುಟ್ಟಿತು. ಪಂಪಿನ ಹಂಗಿಲ್ಲದೆ, ನೆಲದ ಇಳಿಜಾರನ್ನೇ ನಂಬಿ ಅಷ್ಟು ದೂರ ಹರಿದು ಬರುವ ನೀರು. ಎಂಜಿನಿಯರ್ ಆಗಿ ನೋಡಿದರೆ ಮೆಚ್ಚಬೇಕಾದ ಕೆಲಸ. ಆದರೆ ನೀರು ಎತ್ತುವ ಕೊಲ್ಲಿಗೆ ಫಾಲ್ಕನ್ ಎಂಬ ನದಿ ಜೌಗು ನೆಲದ ಕಂದು ನೀರನ್ನು ತಂದು ಸುರಿಯುತ್ತಿತ್ತು. ನಗರಕ್ಕೆ ಆ ಕಂದು ನೀರು ಬೇಡವಾಗಿತ್ತು. ಅದಕ್ಕಾಗಿ ಒಡ್ಡು ಕಟ್ಟಿ, ಅದನ್ನು ಪಕ್ಕದ ಕೊಲ್ಲಿಗೆ ತಿರುಗಿಸಲು ಕಾಲುವೆ ತೋಡಿದರು. ಹಾಗೆ ತೋಡಿದ ಕಾಲುವೆ ಅನಿಶಿನಾಬೆ ಜನರ ನೆಲವನ್ನು ಸೀಳಿತು. ಅವರ ಊರು ದ್ವೀಪವಾಯಿತು. ತಿಳಿ ನೀರು ನಗರದ ಪಾಲಿಗೆ ಹೋಯಿತು, ತಿರುಗಿಸಿದ ಕಂದು ನೀರು ಅವರ ಕಡೆಗೆ ಬಂತು. ಆ ನೆಲವನ್ನು ತೆಗೆದುಕೊಳ್ಳುವಾಗ ಅವರ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ.

ಹಾಗೆ ದ್ವೀಪದಲ್ಲಿ ಸಿಲುಕಿದವರಿಗೆ ರಸ್ತೆಯೇ ಇರಲಿಲ್ಲ. ಬೇಸಿಗೆಯಲ್ಲಿ ದೋಣಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲಿನ ದಾರಿ. ನಡುವಿನ ವಾರಗಳಲ್ಲಿ, ಮಂಜುಗಡ್ಡೆ ತೆಳುವಾಗಿರುವಾಗ, ಅದು ಒಡೆದು ಜೀವ ಕಳೆದುಕೊಂಡವರಿದ್ದಾರೆ. ಕುಡಿಯಲು ಬಾಟಲಿ ನೀರನ್ನು ಹೊತ್ತು ತರಬೇಕಾಗಿತ್ತು. ಶುದ್ಧೀಕರಣ ಘಟಕ ಕಟ್ಟೋಣವೆಂದರೆ ಸಿಮೆಂಟು, ಕಬ್ಬಿಣ, ಯಂತ್ರಗಳನ್ನು ಸಾಗಿಸಲು ದಾರಿಯಿಲ್ಲ, ಆದ್ದರಿಂದ ವೆಚ್ಚ ಕೈಮೀರುತ್ತಿತ್ತು. ಘಟಕ ಬರಬೇಕಾದರೆ ಮೊದಲು ರಸ್ತೆ ಬರಬೇಕು ಎಂದು ಆ ಜನ ವರ್ಷಗಟ್ಟಲೆ ಹೋರಾಡಿದರು. 2014ರಲ್ಲಿ ನಿಮ್ಮ ನಗರದಲ್ಲಿ ಮಾನವ ಹಕ್ಕುಗಳ ರಾಷ್ಟ್ರೀಯ ವಸ್ತುಸಂಗ್ರಹಾಲಯ ತೆರೆದಾಗ, ಅದಕ್ಕೆ ಎದುರಾಗಿ ತಮ್ಮ ಊರನ್ನೇ ‘ಮಾನವ ಹಕ್ಕು ಉಲ್ಲಂಘನೆಗಳ ವಸ್ತುಸಂಗ್ರಹಾಲಯ’ ಎಂದು ಕರೆದು ಜನರನ್ನು ಆಹ್ವಾನಿಸಿದರು. ಕೊನೆಗೆ 2019ರ ಜೂನ್‌ನಲ್ಲಿ 24 ಕಿಲೋಮೀಟರ್ ರಸ್ತೆ ಆಯಿತು. ಅದಕ್ಕೆ ‘ಫ್ರೀಡಂ ರೋಡ್’ ಎಂದು ಹೆಸರಿಟ್ಟರು. ಎರಡೇ ವರ್ಷದಲ್ಲಿ ನೀರಿನ ಘಟಕವೂ ಎದ್ದು ನಿಂತಿತು. ಎರಡು ದಶಕ ಆಗದೇ ಇದ್ದ ಕೆಲಸ ದಾರಿಯಾದ ಮೇಲೆ ಎರಡು ವರ್ಷದಲ್ಲಿ ಆಯಿತು ಎಂಬುದನ್ನು ಮಗಳಿಗೆ ತಪ್ಪದೆ ಹೇಳಿ.

ಶೋಲ್ ಲೇಕ್ 40 ಒಂದೇ ಅಲ್ಲ. ಕೆನಡಾದಲ್ಲಿ ಫಸ್ಟ್ ನೇಷನ್ ಎಂದು ಕರೆಸಿಕೊಳ್ಳುವ ಮೂಲನಿವಾಸಿ ಸಮುದಾಯಗಳು 600ಕ್ಕೂ ಹೆಚ್ಚಿವೆ. ಅವರ ವಸತಿಯ ನೆಲವನ್ನು ರಿಸರ್ವ್ ಎನ್ನುತ್ತಾರೆ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಜಾರಿಯಲ್ಲಿರುವ ಎಚ್ಚರಿಕೆಯನ್ನು ಅಲ್ಲಿನ ಸರ್ಕಾರ ದೀರ್ಘಾವಧಿ ಎಚ್ಚರಿಕೆ ಎಂದು ಲೆಕ್ಕ ಹಾಕುತ್ತದೆ. 2015ರ ನವೆಂಬರ್‌ನಲ್ಲಿ ಜಸ್ಟಿನ್ ಟ್ರುಡೊ ಪ್ರಧಾನಿಯಾಗಿ ಅಧಿಕಾರಕ್ಕೆ ಬಂದಾಗ ಇಂಥವು 105 ಇದ್ದವು. 2021ರ ಮಾರ್ಚ್ ಒಳಗೆ ಎಲ್ಲವನ್ನೂ ಕೊನೆಗೊಳಿಸುವುದಾಗಿ ಅವರ ಸರ್ಕಾರ ಮಾತು ಕೊಟ್ಟಿತು. ಮಾತು ಈಡೇರಲಿಲ್ಲ. ಆದರೂ ಕೆಲಸವೇ ನಡೆಯಲಿಲ್ಲ ಎಂದರೆ ತಪ್ಪಾಗುತ್ತದೆ. ಅಲ್ಲಿಂದ ಇಲ್ಲಿಗೆ 140ಕ್ಕೂ ಹೆಚ್ಚು ಎಚ್ಚರಿಕೆಗಳು ರದ್ದಾಗಿವೆ. 105 ಇದ್ದದ್ದರಲ್ಲಿ 140 ಹೇಗೆ ರದ್ದಾದವು ಎಂದು ನೀವು ಕೇಳಬಹುದು. ಹಳೆಯವು ಹೋಗುತ್ತಿದ್ದಂತೆ ಹೊಸವು ಸೇರಿಕೊಳ್ಳುತ್ತಿದ್ದವು. 2025ರ ಆರಂಭದಲ್ಲೂ ಸುಮಾರು 30 ಉಳಿದಿದ್ದವು. ಸರಿಪಡಿಸಿದ ಮೇಲೆ ಮತ್ತೆ ಏಕೆ ಕೆಡುತ್ತದೆ ಎಂಬ ನಿಮ್ಮ ಪ್ರಶ್ನೆ ಈ ಲೆಕ್ಕದೊಳಗೇ ಇದೆ. ಅದಕ್ಕೆ ಉತ್ತರಿಸಲು ನಿಮ್ಮನ್ನು ಘಟಕದ ಒಳಗೆ ಕರೆದೊಯ್ಯಬೇಕು.

ನಾನು ಕುಡಿಯುವ ನೀರಿನ ಘಟಕಗಳ ಕೆಲಸದಲ್ಲಿ ಬಹುಕಾಲ ಕಳೆದವನು. ಉತ್ತರ ಒಂಟಾರಿಯೊದ, ವಿಮಾನದಲ್ಲಷ್ಟೇ ತಲುಪಬಹುದಾದ ಒಂದು ಸಣ್ಣ ಊರಿಗೆ ಹೋದ ನೆನಪು ಇನ್ನೂ ಹಸಿಯಾಗಿದೆ. ಜನವರಿ ತಿಂಗಳು, ಹೊರಗೆ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗೆ. ಘಟಕ ನಡೆಸುತ್ತಿದ್ದವರು ಐವತ್ತರ ಆಸುಪಾಸಿನ ಒಬ್ಬರು. ಅಂಥವರನ್ನು ನಮ್ಮಲ್ಲಿ ನೀರುಗಂಟಿ ಎನ್ನುತ್ತೇವಲ್ಲ, ನನಗೆ ಆ ಹೆಸರೇ ಬಾಯಿಗೆ ಬರುತ್ತದೆ. ಕೆರೆಯ ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ಎಂದು ನೀರು ಹಂಚುತ್ತಿದ್ದವನ ಹೆಸರು ಇಂದು ಪಂಚಾಯಿತಿಯ ನಲ್ಲಿ ನೀರು ಬಿಡುವವನಿಗೂ ಉಳಿದಿದೆ. ಆತ ಬೆಳಿಗ್ಗೆ ಮೊದಲು ಮಾಡಿದ ಕೆಲಸವೆಂದರೆ ಹೆಬ್ಬೆರಳಿನಷ್ಟು ದಪ್ಪದ ಗಾಜಿನ ಸೀಸೆಯಲ್ಲಿ ನಲ್ಲಿ ನೀರು ಹಿಡಿದು, ಒಂದು ಚಿಟಿಕೆ ಪುಡಿ ಹಾಕಿ, ಅಲುಗಾಡಿಸಿ ಬೆಳಕಿಗೆ ಹಿಡಿದದ್ದು. ನೀರಿನಲ್ಲಿ ಕ್ಲೋರಿನ್ ಉಳಿದಿದ್ದರೆ ಅದು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಬಣ್ಣ ಗಾಢವಾದಷ್ಟೂ ಕ್ಲೋರಿನ್ ಹೆಚ್ಚು. ಅವತ್ತು ಸೀಸೆಯ ನೀರು ಬಣ್ಣ ಬಂದೂ ಬಾರದಂತಿತ್ತು. ಆತ ಏನೂ ಮಾತನಾಡದೆ ಕ್ಲೋರಿನ್ ಬೆರೆಸುವ ಡೋಸಿಂಗ್ ಪಂಪಿನ ಕಡೆ ನಡೆದರು.

ಏಕೆ ಹಾಗಾಯಿತು? ಆ ಊರಿನ ಸರೋವರದ ನೀರು ಲೋಟದಲ್ಲಿ ಹಿಡಿದರೆ ತೆಳು ಚಹಾದಂತೆ ಕಾಣುತ್ತದೆ. ಸುತ್ತಲಿನ ಕಾಡಿನ ಎಲೆ, ತೊಗಟೆ, ಜೌಗಿನ ಪಾಚಿ ವರ್ಷಗಟ್ಟಲೆ ನೆನೆದು ಇಳಿದ ಕಷಾಯ ಅದು. ಕುಡಿದರೆ ಕೂಡಲೇ ಕಾಯಿಲೆ ತರುವ ವಿಷವೇನಲ್ಲ. ಆದರೆ ಅದಕ್ಕೆ ಕ್ಲೋರಿನ್ ಹಾಕಿದರೆ, ಕ್ಲೋರಿನ್ ರೋಗಾಣುಗಳನ್ನು ಕೊಲ್ಲುವ ಮೊದಲೇ ಈ ಸಾವಯವ ಪದಾರ್ಥದ ಜೊತೆ ಕೂಡಿ ಖರ್ಚಾಗಿಬಿಡುತ್ತದೆ. ಕೊಳವೆಯ ಕೊನೆಯ ಮನೆ ಮುಟ್ಟುವ ಹೊತ್ತಿಗೆ ಏನೂ ಉಳಿಯುವುದಿಲ್ಲ. ಹೆಚ್ಚು ಹಾಕೋಣವೆಂದರೆ, ಕೂಡಿದ್ದರಿಂದ ಟ್ರೈಹ್ಯಾಲೊಮೀಥೇನ್ ಎಂಬ ರಾಸಾಯನಿಕಗಳು ಹುಟ್ಟುತ್ತವೆ. ಅವುಗಳನ್ನು ವರ್ಷಗಟ್ಟಲೆ ಸೇವಿಸುವುದು ಕ್ಯಾನ್ಸರ್‌ಗೆ ದಾರಿಯಾಗಬಹುದು ಎಂಬ ಕಾರಣಕ್ಕೆ ಕೆನಡಾ ಲೀಟರಿಗೆ 0.1 ಮಿಲಿಗ್ರಾಂ ಮಿತಿ ಹಾಕಿದೆ. ಕಡಿಮೆ ಹಾಕಿದರೆ ಭೇದಿ, ಹೆಚ್ಚು ಹಾಕಿದರೆ ಈ ಭಯ. ಆದ್ದರಿಂದ ಕ್ಲೋರಿನ್ ಹಾಕುವುದಕ್ಕೆ ಮೊದಲೇ ಬಣ್ಣ ತೆಗೆಯಬೇಕು. ನಮ್ಮ ಅಜ್ಜಿಯರು ಕೊಡದ ಕದಡಿದ ನೀರಿನಲ್ಲಿ ಪಟಿಕ ತಿರುಗಿಸುತ್ತಿದ್ದರಲ್ಲ, ಅದೇ ಕೆಲಸ ದೊಡ್ಡ ತೊಟ್ಟಿಯಲ್ಲಿ. ಪಟಿಕದ ಜೊತೆ ಕೊಳೆ ಹೆಪ್ಪುಗಟ್ಟಿ ತಳಕ್ಕಿಳಿಯುತ್ತದೆ, ಮೇಲಿನ ತಿಳಿಯನ್ನು ಮರಳಿನಲ್ಲಿ ಸೋಸುತ್ತಾರೆ. ಆದರೆ ಸರೋವರದ ಮಂಜುಗಡ್ಡೆಯ ಕೆಳಗಿನಿಂದ ಬರುವ ನೀರು ಒಂದೆರಡು ಡಿಗ್ರಿಯಷ್ಟೇ ಬಿಸಿ ಇರುತ್ತದೆ. ಅಷ್ಟು ತಣ್ಣನೆಯ ನೀರಿನಲ್ಲಿ ಪಟಿಕ ನಿಧಾನವಾಗಿ ಕೆಲಸ ಮಾಡುತ್ತದೆ, ಹೆಪ್ಪು ಸಣ್ಣದಾಗಿ ಉಳಿದು ಸೋಸುವಿಕೆಯನ್ನು ದಾಟಿಬಿಡುತ್ತದೆ. ವಸಂತದಲ್ಲಿ ಹಿಮ ಕರಗಿದಾಗ ಒಂದೇ ವಾರದಲ್ಲಿ ನೀರಿನ ಬಣ್ಣ ಬದಲಾಗುತ್ತದೆ. ಪ್ರತಿದಿನವೂ ಪ್ರಮಾಣ ತಿದ್ದಬೇಕು. ಇದನ್ನು ಪುಸ್ತಕ ನೋಡಿ ಮಾಡಲಾಗುವುದಿಲ್ಲ, ಆ ಸರೋವರದ ಸ್ವಭಾವ ಗೊತ್ತಿರಬೇಕು.

ಇನ್ನೊಂದು ತೊಂದರೆ ಹೇಳುತ್ತೇನೆ. ಚಳಿಗಾಲದಲ್ಲಿ ಕೊಳವೆ ಹೆಪ್ಪುಗಟ್ಟಿ ಒಡೆಯದಿರಲೆಂದು ಎಷ್ಟೋ ಮನೆಯವರು ರಾತ್ರಿಯಿಡೀ ನಲ್ಲಿಯನ್ನು ಸಣ್ಣಗೆ ಬಿಟ್ಟಿರುತ್ತಾರೆ. ಬಿಡದೆ ಬೇರೆ ದಾರಿಯಿಲ್ಲ. ಹೀಗೆ ಊರಿನ ನೀರಿನ ಬಳಕೆ ದುಪ್ಪಟ್ಟಾದಾಗ, ಲೆಕ್ಕ ಹಾಕಿ ಕಟ್ಟಿದ ಘಟಕಕ್ಕೆ ನೀರಿಗೆ ಕ್ಲೋರಿನ್ ತಾಗಲು ಬೇಕಾದಷ್ಟು ಸಮಯ ಕೊಡಲಾಗುವುದಿಲ್ಲ. ಅದೇ ವಾರ ಪಂಪ್ ಕೈಕೊಟ್ಟರೆ ಬಿಡಿಭಾಗ ಬರಬೇಕಾದದ್ದು ವಿಮಾನದಲ್ಲಿ. ದೊಡ್ಡ ಯಂತ್ರಗಳಂತೂ ಚಳಿಗಾಲದ ಹಿಮದ ರಸ್ತೆ ಗಟ್ಟಿಯಾಗುವ ಕೆಲವೇ ವಾರಗಳಲ್ಲಿ ಬರಬೇಕು, ಇಲ್ಲವಾದರೆ ಮುಂದಿನ ವರ್ಷ. ಚಳಿಗಾಲಗಳು ಬೆಚ್ಚಗಾಗುತ್ತ ಆ ವಾರಗಳೂ ಕಡಿಮೆಯಾಗುತ್ತಿವೆ.

ಮನೆಗೊಂದು ಫಿಲ್ಟರ್ ಕೊಟ್ಟರೆ ಸಾಲದೇ ಎಂದು ಕೇಳಿದ್ದೀರಿ. ಸಾಲದು. ಕಾರಣ ನಮ್ಮೂರುಗಳಲ್ಲೇ ಕಣ್ಣಿಗೆ ಕಾಣುವಂತಿದೆ. ಪಾವಗಡದಂಥ ಫ್ಲೋರೈಡ್ ಪ್ರದೇಶಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ಜನರಿಗೆ ನಿಜಕ್ಕೂ ಆಸರೆಯಾಗಿವೆ. ಆದರೆ ನೀರು ಸೋಸುವ ಪೊರೆ ಬದಲಿಸುವವರಿಲ್ಲದೆ, ಕೆಟ್ಟಾಗ ನೋಡುವವರಿಲ್ಲದೆ ಬೀಗ ಬಿದ್ದ ಘಟಕಗಳನ್ನೂ ನಾವು ಕಂಡಿದ್ದೇವೆ. ಇಡೀ ಊರಿನ ಒಂದು ಘಟಕವನ್ನೇ ನೋಡಿಕೊಳ್ಳುವುದು ಕಷ್ಟವಾದಾಗ ಮನೆಮನೆಯ ಫಿಲ್ಟರನ್ನು ಬದಲಿಸುತ್ತ ಹೋಗುವವರು ಯಾರು? ಅಲ್ಲದೆ ನೀರು ಕುಡಿಯಲಿಕ್ಕಷ್ಟೇ ಅಲ್ಲ. ಹಲ್ಲುಜ್ಜಬೇಕು, ತರಕಾರಿ ತೊಳೆಯಬೇಕು, ಎಳೆಗೂಸಿಗೆ ಎರೆಯಬೇಕು. ಕುದಿಸುವುದೇನೋ ರೋಗಾಣುಗಳಿಗೆ ಒಳ್ಳೆಯ ಮದ್ದು, ಒಂದು ನಿಮಿಷ ಕೊತಕೊತ ಕುದಿದರೆ ಸಾಕು. ಆದರೆ ನೀರಿನಲ್ಲಿ ಆರ್ಸೆನಿಕ್, ಯುರೇನಿಯಂ, ನೈಟ್ರೇಟ್ ಇದ್ದರೆ ಕುದಿಸಿದಷ್ಟೂ ನೀರು ಆವಿಯಾಗಿ ಅವು ದಟ್ಟವಾಗುತ್ತವೆ. ಆದ್ದರಿಂದಲೇ ಎಚ್ಚರಿಕೆಗಳಲ್ಲಿ ಮೂರು ಬಗೆ: ಕುದಿಸಿ ಕುಡಿಯಿರಿ, ಕುಡಿಯಲೇಬೇಡಿ, ಮುಟ್ಟಲೂ ಬೇಡಿ.

ಇಷ್ಟು ಹೇಳಿದ್ದರಿಂದ ಇದು ಬರೀ ತಂತ್ರಜ್ಞಾನದ ಸಮಸ್ಯೆ ಎಂದು ತಿಳಿಯಬೇಡಿ. ಇಷ್ಟೇ ಚಳಿಯ, ಇಷ್ಟೇ ಕಂದು ನೀರಿನ, ಇಷ್ಟೇ ಸಣ್ಣ ಊರುಗಳು ರಿಸರ್ವ್‌ಗಳ ಹೊರಗೂ ಇವೆ. ಅಲ್ಲಿ ಜನ ಕಾಲು ಶತಮಾನ ನೀರು ಕುದಿಸುವುದಿಲ್ಲ. ವ್ಯತ್ಯಾಸ ಇರುವುದು ಕಾನೂನಿನಲ್ಲಿ ಮತ್ತು ದುಡ್ಡು ಬರುವ ದಾರಿಯಲ್ಲಿ.

2000ದ ಮೇ ತಿಂಗಳಲ್ಲಿ ಒಂಟಾರಿಯೊದ ವಾಕರ್ಟನ್ ಎಂಬ ಪಟ್ಟಣದ ಬಾವಿಗೆ ದನಗಳ ಸಗಣಿಯಿಂದ ಇ. ಕೋಲಿ ಎಂಬ ರೋಗಾಣು ಸೇರಿತು. ಏಳು ಜನ ತೀರಿಕೊಂಡರು, ಎರಡು ಸಾವಿರಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದರು. ಪ್ರಾಂತ್ಯ ನಡುಗಿತು. ವಿಚಾರಣೆ ನಡೆಯಿತು, 2002ರಲ್ಲಿ ಕಟ್ಟುನಿಟ್ಟಾದ ಕುಡಿಯುವ ನೀರಿನ ಕಾಯ್ದೆ ಬಂತು. ಆದರೆ ಆ ಕಾಯ್ದೆ ರಿಸರ್ವ್‌ನ ಬೇಲಿಯ ಹತ್ತಿರ ನಿಂತುಬಿಡುತ್ತದೆ. ಕೆನಡಾದಲ್ಲಿ ಕುಡಿಯುವ ನೀರು ಪ್ರಾಂತ್ಯಗಳ ಹೊಣೆ, ರಿಸರ್ವ್‌ಗಳು ಕೇಂದ್ರ ಸರ್ಕಾರದ ಹೊಣೆ. ಎರಡರ ನಡುವಿನ ಬಿರುಕಿಗೆ ಈ ಊರುಗಳು ಬಿದ್ದಿವೆ. ಬೇಲಿಯ ಆಚೆ ನೀರು ಕೆಟ್ಟರೆ ಅಧಿಕಾರಿಯನ್ನು ಕೋರ್ಟಿಗೆಳೆಯಬಹುದು. ಈಚೆ ಇದ್ದದ್ದು ಮಾರ್ಗಸೂಚಿ, ಶಿಫಾರಸು, ಆಶ್ವಾಸನೆ. 2013ರಲ್ಲಿ ಕೇಂದ್ರ ಒಂದು ಕಾಯ್ದೆ ತಂದಿತು. ಹೊಣೆಯನ್ನು ಸಮುದಾಯಗಳ ತಲೆಗೆ ಕಟ್ಟಿ ದುಡ್ಡಿನ ಖಾತರಿ ಕೊಡದ ಅದನ್ನು ಫಸ್ಟ್ ನೇಷನ್‌ಗಳು ಒಪ್ಪಲಿಲ್ಲ. 2022ರಲ್ಲಿ ಅದು ರದ್ದಾಯಿತು. ಅದರ ಜಾಗಕ್ಕೆ 2023ರ ಡಿಸೆಂಬರ್‌ನಲ್ಲಿ ಮಂಡಿಸಿದ ಸಿ-61 ಮಸೂದೆ, 2025ರ ಜನವರಿಯಲ್ಲಿ ಸಂಸತ್ತಿನ ಅಧಿವೇಶನ ಮುಕ್ತಾಯಗೊಂಡದ್ದರಿಂದ ಬಿದ್ದುಹೋಯಿತು.

ದುಡ್ಡಿನ ಕಥೆ ನನಗೆ ಇನ್ನೂ ಹೆಚ್ಚು ನೋವು ತರುತ್ತದೆ. ಘಟಕ ಕಟ್ಟಲು ಕೋಟಿಗಟ್ಟಲೆ ಡಾಲರ್ ಕೊಡುತ್ತಾರೆ. ರಿಬ್ಬನ್ ಕತ್ತರಿಸಿ ಫೋಟೊ ತೆಗೆಸಿಕೊಳ್ಳುತ್ತಾರೆ. ಮರುದಿನದಿಂದ ಅದನ್ನು ನಡೆಸಲು ಕೊಡುವ ಹಣವನ್ನು ಒಂದು ಸೂತ್ರದಂತೆ ಲೆಕ್ಕ ಹಾಕುತ್ತಾರೆ. ದೀರ್ಘಕಾಲದವರೆಗೆ ಆ ಲೆಕ್ಕದ ಶೇ 80ರಷ್ಟನ್ನು ಮಾತ್ರ ಕೇಂದ್ರ ಕೊಡುತ್ತಿತ್ತು, ಉಳಿದ ಶೇ 20ನ್ನು ಊರೇ ಹೊಂದಿಸಿಕೊಳ್ಳಬೇಕಿತ್ತು. ಕಾರ್ಖಾನೆಯಿಲ್ಲದ, ತೆರಿಗೆ ಹುಟ್ಟದ ಊರು ಅದನ್ನು ಎಲ್ಲಿಂದ ತರಬೇಕು? 2020ರ ಕೊನೆಗಷ್ಟೇ ಪೂರ್ತಿ ಕೊಡುವುದಾಗಿ ಸರ್ಕಾರ ಹೇಳಿತು. ಆದರೆ 2021ರ ಫೆಬ್ರುವರಿಯಲ್ಲಿ ಕೆನಡಾದ ಮಹಾಲೆಕ್ಕಪರಿಶೋಧಕರು ಬಯಲು ಮಾಡಿದ್ದೇನೆಂದರೆ, ಆ ಸೂತ್ರವನ್ನೇ 30 ವರ್ಷಗಳಿಂದ ಪರಿಷ್ಕರಿಸಿಲ್ಲ ಎಂದು. ಫಸ್ಟ್ ನೇಷನ್‌ಗಳ ನೀರಿನ ಘಟಕ ನಡೆಸುವವರ ಸಂಬಳ ಬೇರೆಡೆಯವರಿಗಿಂತ ಸುಮಾರು ಶೇ 30 ಕಡಿಮೆ ಎಂದೂ ಆ ವರದಿ ಹೇಳಿತು.

ನಾನು ಕಂಡ ಆ ನೀರುಗಂಟಿಯ ಮಾತಿಗೆ ಬರುತ್ತೇನೆ. ಆತನಿಗೆ ಪರವಾನಗಿ ಇತ್ತು, ಅದಕ್ಕಾಗಿ ಪರೀಕ್ಷೆ ಬರೆದಿದ್ದರು. ಆತನೊಬ್ಬರೇ. ಬದಲಿಗೆ ಬರುವವರಿರಲಿಲ್ಲ. ಹನ್ನೊಂದು ವರ್ಷಗಳಲ್ಲಿ ಒಂದು ವಾರ ಒಟ್ಟಿಗೆ ರಜೆ ಹಾಕಿ ಊರು ಬಿಟ್ಟಿರಲಿಲ್ಲ. ಶರತ್ಕಾಲದಲ್ಲಿ ಊರಿನ ಗಂಡಸರೆಲ್ಲ ಮೂಸ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಹೋದರೆ ಆತ ಘಟಕದಲ್ಲೇ ಉಳಿಯುತ್ತಿದ್ದರು. ಅವರು ತರಬೇತಿ ಕೊಟ್ಟ ಇಬ್ಬರು ಹುಡುಗರು ಪರವಾನಗಿ ಸಿಕ್ಕ ಕೂಡಲೇ ಹೆಚ್ಚು ಸಂಬಳದ ಪಟ್ಟಣದ ಕೆಲಸಕ್ಕೆ ಹೋಗಿದ್ದರು. ಅವರ ಮೇಲೆ ಆತನಿಗೆ ಕೋಪವಿರಲಿಲ್ಲ, ‘ಅವರಿಗೂ ಮಕ್ಕಳಿದ್ದಾರೆ’ ಎಂದಷ್ಟೇ ಹೇಳಿದರು. ಇಂಥ ಒಬ್ಬರು ಕಾಯಿಲೆ ಬಿದ್ದರೆ, ಕೆಲಸ ಬಿಟ್ಟರೆ, ಎಷ್ಟೇ ಹೊಸ ಘಟಕವಾದರೂ ಕೆಲವೇ ದಿನಗಳಲ್ಲಿ ಎಚ್ಚರಿಕೆಯ ಪಟ್ಟಿಗೆ ಮರಳುತ್ತದೆ. ಸರಿಪಡಿಸಿದ್ದು ಮತ್ತೆ ಕೆಡುವುದಕ್ಕೆ ನಾನು ಕಂಡ ಅತಿ ಸಾಮಾನ್ಯ ಕಾರಣ ಇದು. ಮೊದಲ ದಿನದಿಂದ ಇಬ್ಬರು ನೀರುಗಂಟಿಗಳಿಗೆ ಮರ್ಯಾದೆಯ ಸಂಬಳ ಕೊಡುವ ಏರ್ಪಾಡಿಲ್ಲದೆ ಕಟ್ಟಿದ ಘಟಕವನ್ನು ಪೂರ್ಣಗೊಂಡ ಕಾಮಗಾರಿ ಎಂದು ನಾನು ಒಪ್ಪುವುದಿಲ್ಲ.

ದೇಶದಲ್ಲೇ ಅತ್ಯಂತ ದೀರ್ಘವಾದ ಎಚ್ಚರಿಕೆ ಇರುವುದು ನೆಸ್ಕಂಟಗಾ ಎಂಬ ಊರಿನಲ್ಲಿ. ಥಂಡರ್ ಬೇ ನಗರದಿಂದ ಉತ್ತರಕ್ಕೆ ನಾನೂರಕ್ಕೂ ಹೆಚ್ಚು ಕಿಲೋಮೀಟರ್ ದೂರ, ಅಟವಾಪಿಸ್ಕಟ್ ಸರೋವರದ ದಡ. 1995ರ ಫೆಬ್ರುವರಿ 1ರಿಂದ ಅಲ್ಲಿ ನೀರು ಕುದಿಸುತ್ತಿದ್ದಾರೆ. ಅದಕ್ಕೆ ಎರಡು ವರ್ಷ ಮೊದಲಷ್ಟೇ ಅಲ್ಲಿ ಘಟಕ ಕಟ್ಟಿದ್ದರು ಎಂಬುದನ್ನು ಗಮನಿಸಿ. 2020ರ ಅಕ್ಟೋಬರ್‌ನಲ್ಲಿ ಘಟಕದ ಸಂಗ್ರಹ ತೊಟ್ಟಿಯ ನೀರಿನ ಮೇಲೆ ಎಣ್ಣೆಯಂಥ ಪೊರೆ ಕಾಣಿಸಿತು. ನೀರು ನಿಲ್ಲಿಸಿದರು. ಕೋವಿಡ್ ಕಾಲದಲ್ಲಿ ಮುದುಕರು, ಮಕ್ಕಳು ಎಲ್ಲರೂ ವಿಮಾನ ಹತ್ತಿ ಥಂಡರ್ ಬೇಯ ಹೋಟೆಲಿನಲ್ಲಿ ಸುಮಾರು ಎರಡು ತಿಂಗಳು ಕಳೆದರು. ಅಲ್ಲಿ ನಲ್ಲಿ ತಿರುಗಿಸಿದರೆ ಒಳ್ಳೆಯ ನೀರು. ಊರಿಗೆ ಮರಳಿದರೆ ಮತ್ತೆ ಬಾಟಲಿ. ಬೇರೆ ಕಡೆ ಮಕ್ಕಳು ನಲ್ಲಿಗೆ ಬಾಯಿಟ್ಟು ಕುಡಿಯುವುದನ್ನು ಕಂಡರೆ ಹೆದರುವ ತಾಯಂದಿರು ಅಲ್ಲಿದ್ದಾರೆ.

ಆ ಹೆದರಿಕೆಯನ್ನು ಎಂಜಿನಿಯರುಗಳು ಸುಲಭವಾಗಿ ತಳ್ಳಿಹಾಕುತ್ತಾರೆ. ಪ್ರಯೋಗಾಲಯದ ವರದಿ ಚೆನ್ನಾಗಿದೆ, ಇನ್ನೇನು ಬೇಕು ಎನ್ನುತ್ತಾರೆ. ಮೊದಮೊದಲು ನಾನೂ ಹಾಗೆಯೇ ಅಂದುಕೊಂಡಿದ್ದೆ. ಎಚ್ಚರಿಕೆ ರದ್ದಾದ ಮತ್ತೊಂದು ಊರಿನಲ್ಲಿ ಒಬ್ಬ ಅಜ್ಜಿಯ ಅಡುಗೆಮನೆಗೆ ಹೋಗಿದ್ದೆ. ಸಿಂಕಿನ ನಲ್ಲಿಯ ತಿರುಪಿಗೆ ಹಸಿರು ಬಟ್ಟೆಯ ಚೂರೊಂದನ್ನು ಬಿಗಿಯಾಗಿ ಕಟ್ಟಿದ್ದರು. ಮೊಮ್ಮಕ್ಕಳು ಮರೆತು ಕುಡಿಯದಿರಲಿ ಎಂದು ಹದಿನೈದು ವರ್ಷ ಹಿಂದೆ ಕಟ್ಟಿದ್ದು. ನೀರು ಶುದ್ಧವಾಗಿ ಆರು ತಿಂಗಳಾಗಿತ್ತು, ಬಟ್ಟೆ ಹಾಗೇ ಇತ್ತು. ನಾನು ನಲ್ಲಿಯಿಂದ ಒಂದು ಲೋಟ ಹಿಡಿದು ಅವರ ಮುಂದೆಯೇ ಕುಡಿದೆ. ಅವರು ಲೋಟವನ್ನು ತೆಗೆದುಕೊಂಡು ತೊಳೆದಿಟ್ಟರು, ಕೆಟಲಿನಿಂದ ನನಗೆ ಚಹಾ ಮಾಡಿಕೊಟ್ಟರು. ಕುದಿಸಿದ ನೀರಿನದು. ಮುಂದಿನ ವರ್ಷ ಹೋದಾಗ ಬಟ್ಟೆ ಇರಲಿಲ್ಲ. ಅವರ ಮೊಮ್ಮಗಳು ಘಟಕದಲ್ಲಿ ತರಬೇತಿಗೆ ಸೇರಿದ್ದಳು, ಪ್ರತಿ ಸಂಜೆ ಅವತ್ತಿನ ಪರೀಕ್ಷೆಯ ಅಂಕಿಗಳನ್ನು ಅಜ್ಜಿಗೆ ಓದಿ ಹೇಳುತ್ತಿದ್ದಳು. ನನ್ನ ಲೋಟ ಮಾಡದ ಕೆಲಸವನ್ನು ಆ ಹುಡುಗಿ ಮಾಡಿದ್ದಳು.

ಆದ್ದರಿಂದ, ಯಾರು ನಿರ್ಧರಿಸುತ್ತಾರೆ ಎಂಬುದು ಕೊಳವೆಯಷ್ಟೇ ಮುಖ್ಯ. ಕಶೆಚೆವಾನ್ ಎಂಬ ಕ್ರೀ ಜನರ ಊರಿನಲ್ಲಿ ಕುಡಿಯುವ ನೀರು ಎತ್ತುವ ಕೊಳವೆಯನ್ನು ಊರಿನ ಕೊಳಚೆ ಹೊಂಡದ ಕೆಳಹರಿವಿನಲ್ಲಿ ಇಟ್ಟಿದ್ದರು. 2005ರ ಅಕ್ಟೋಬರ್‌ನಲ್ಲಿ ನೀರಿನಲ್ಲಿ ಇ. ಕೋಲಿ ಕಂಡಿತು, ನೂರಾರು ಜನರನ್ನು ವಿಮಾನದಲ್ಲಿ ಸ್ಥಳಾಂತರಿಸಬೇಕಾಯಿತು. ನದಿಯ ದಡದಲ್ಲಿ ತಲೆಮಾರುಗಳಿಂದ ಬದುಕಿದ ಒಬ್ಬ ಹಿರಿಯರನ್ನು ಕೇಳಿದ್ದರೂ ಕೊಳವೆ ಎಲ್ಲಿಡಬಾರದು ಎಂದು ತೋರಿಸುತ್ತಿದ್ದರು. ಅನಿಶಿನಾಬೆ ಜನರಲ್ಲಿ ನೀರಿನ ಹೊಣೆ ಹೆಂಗಸರದು. ಜೋಸೆಫೀನ್ ಮಂಡಮಿನ್ ಎಂಬ ಅಜ್ಜಿ 2003ರಲ್ಲಿ ತಾಮ್ರದ ಪಾತ್ರೆಯಲ್ಲಿ ನೀರು ಹಿಡಿದು ಸುಪೀರಿಯರ್ ಸರೋವರದ ಸುತ್ತ ನಡೆದರು. ಮುಂದಿನ ವರ್ಷಗಳಲ್ಲಿ ಉಳಿದ ಮಹಾ ಸರೋವರಗಳ ಸುತ್ತಲೂ ನಡೆದರು. ತಾಮ್ರದ ಬಿಂದಿಗೆಯನ್ನು ಹುಣಸೆಹಣ್ಣು ಹಚ್ಚಿ ಬೆಳಗಿದ ಕೈಗಳಿಗೆ ಆ ನಡಿಗೆಯನ್ನು ಹೆಚ್ಚು ವಿವರಿಸಬೇಕಿಲ್ಲ. ನೀರಿನ ಬಗ್ಗೆ ಇಷ್ಟು ಬಲ್ಲವರನ್ನು ನೀರಿನ ಸಭೆಗಳಲ್ಲಿ ಕೂರಿಸದೆ ದಶಕಗಳು ಕಳೆದವು.

ಕೂರಿಸಿದಾಗ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಗಳಿವೆ. ಸಸ್ಕಾಚೆವಾನ್ ಪ್ರಾಂತ್ಯದ ಯೆಲ್ಲೊ ಕ್ವಿಲ್ ಸಮುದಾಯ 1995ರಿಂದ ಒಂಬತ್ತು ವರ್ಷ ನೀರು ಕುದಿಸಿತು. ಅಲ್ಲಿನ ಅಂತರ್ಜಲದಲ್ಲಿ ಕಬ್ಬಿಣ, ಅಮೋನಿಯಾ, ಆರ್ಸೆನಿಕ್ ಎಲ್ಲವೂ ಇದ್ದವು. ಮಾಮೂಲಿ ಘಟಕಕ್ಕೆ ಅದು ಬಗ್ಗುವ ನೀರಲ್ಲ. ಹ್ಯಾನ್ಸ್ ಪೀಟರ್ಸನ್ ಎಂಬ ವಿಜ್ಞಾನಿ ಊರಿನವರ ಜೊತೆ ಸೇರಿ ಅಲ್ಲೇ ಸಣ್ಣ ಪ್ರಾಯೋಗಿಕ ಘಟಕ ಹಾಕಿ ತಿಂಗಳುಗಟ್ಟಲೆ ಪ್ರಯತ್ನಿಸಿದರು. ಕೊನೆಗೆ ದಾರಿ ತೋರಿದ್ದು ಆ ನೀರಿನಲ್ಲೇ ಬದುಕುವ, ಕಾಯಿಲೆ ತರದ ಬ್ಯಾಕ್ಟೀರಿಯಾಗಳು. ಕಬ್ಬಿಣ, ಅಮೋನಿಯಾಗಳನ್ನು ಅವು ತಿಂದು ಮುಗಿಸುತ್ತವೆ, ಉಳಿದದ್ದನ್ನು ಆರ್‌ಒ ಪೊರೆ ತೆಗೆಯುತ್ತದೆ. ರಾಸಾಯನಿಕದ ಬಳಕೆ ಇಳಿಯಿತು. ಘಟಕದ ಕೆಲಸ ಕಲಿತವರು ಅದೇ ಊರಿನವರು. ಇನ್ನು ಪೂರ್ವದ ಅಟ್ಲಾಂಟಿಕ್ ಪ್ರಾಂತ್ಯಗಳಲ್ಲಿ ಹಲವು ಫಸ್ಟ್ ನೇಷನ್‌ಗಳು ಒಗ್ಗೂಡಿ ತಮ್ಮದೇ ಜಲ ಪ್ರಾಧಿಕಾರ ಕಟ್ಟಿಕೊಂಡಿವೆ. 2022ರಲ್ಲಿ ಕೇಂದ್ರ ಸರ್ಕಾರ ಅದಕ್ಕೆ ನೀರಿನ ಆಡಳಿತವನ್ನು ವಹಿಸಿಕೊಟ್ಟಿತು. ಒಬ್ಬ ನೀರುಗಂಟಿ ರಜೆ ಹಾಕಿದರೆ ಪಕ್ಕದ ಊರಿನವರು ಬರಬಹುದು, ಬಿಡಿಭಾಗ ಒಟ್ಟಿಗೆ ಕೊಳ್ಳಬಹುದು, ಮುಂದಿನ ವರ್ಷಗಳ ದುಡ್ಡು ಮೊದಲೇ ಗೊತ್ತಿರುತ್ತದೆ. ಈಗ ಕಣ್ಣಮುಂದಿರುವ ದಾರಿಗಳಲ್ಲಿ ನನಗೆ ಹೆಚ್ಚು ಭರವಸೆ ಇರುವುದು ಇದರ ಮೇಲೆ.

ಪತ್ರಿಕೆಗಳಲ್ಲಿ ‘ಇನ್ನು ಇಷ್ಟು ಎಚ್ಚರಿಕೆಗಳು ಉಳಿದಿವೆ’ ಎಂಬ ಸಂಖ್ಯೆ ನೋಡುವಾಗ ಒಂದು ಎಚ್ಚರ ಇರಲಿ. ಆ ಪಟ್ಟಿಯಲ್ಲಿರುವುದು ಕೊಳವೆಯಿಂದ ಐದಾದರೂ ಮನೆಗಳಿಗೆ ನೀರು ಕೊಡುವ ಸಾರ್ವಜನಿಕ ವ್ಯವಸ್ಥೆಗಳು. ಸ್ವಂತ ಬಾವಿಯ ಮನೆಗಳು, ಟ್ಯಾಂಕರ್ ತಂದು ನೆಲದಡಿಯ ತೊಟ್ಟಿಗೆ ತುಂಬುವ ಮನೆಗಳು ಅದರಲ್ಲಿಲ್ಲ. ಸೀಳುಬಿಟ್ಟ ತೊಟ್ಟಿಗೆ ಮಳೆನೀರು, ಇಲಿ, ಕೊಳಚೆ ಸೇರುವುದುಂಟು. ದಕ್ಷಿಣ ಒಂಟಾರಿಯೊದ ಸಿಕ್ಸ್ ನೇಷನ್ಸ್‌ನಲ್ಲಿ ಉತ್ತಮ ಘಟಕವಿದೆ, ಆದರೆ ಹೆಚ್ಚಿನ ಮನೆಗಳಿಗೆ ಅದರ ಕೊಳವೆಯೇ ತಲುಪಿಲ್ಲ. ಪಟ್ಟಿ ಸೊನ್ನೆಗಿಳಿದ ದಿನವೂ ಅಂಥ ಮನೆಗಳಲ್ಲಿ ಬಾಟಲಿ ನೀರೇ ಇರುತ್ತದೆ.

ಈಗ ನೀವು ಮಾಡಬಹುದಾದ ಕೆಲಸ. ಕರ್ವ್ ಲೇಕ್, ನೆಸ್ಕಂಟಗಾ ಮತ್ತು ಟಟಾಸ್ಕ್ವೆಯಕ್ ಸಮುದಾಯಗಳು ಕೇಂದ್ರ ಸರ್ಕಾರದ ವಿರುದ್ಧ ಕೋರ್ಟಿಗೆ ಹೋಗಿ 2021ರಲ್ಲಿ 800 ಕೋಟಿ ಡಾಲರಿನ ಒಪ್ಪಂದ ಪಡೆದವು. ಅದರಲ್ಲಿ 150 ಕೋಟಿ ಜನರಿಗೆ ಪರಿಹಾರ, ಕನಿಷ್ಠ 600 ಕೋಟಿ ನೀರಿನ ವ್ಯವಸ್ಥೆಗೆ. ದುಡ್ಡು ಮಂಜೂರಾಗಿದೆ, ಆದರೆ ನೀರಿನ ಹಕ್ಕನ್ನು ಕಾಯುವ ಕಾನೂನು ಬಾಕಿ ಇದೆ. ವಿನ್ನಿಪೆಗ್‌ನವರಾದ ನಿಮ್ಮ ಮಾತಿಗೆ ಬೇರೆಯವರ ಮಾತಿಗಿಂತ ಹೆಚ್ಚು ತೂಕವಿದೆ, ಏಕೆಂದರೆ ನೀವು ದಿನಾ ಕುಡಿಯುವುದು ಆ ಸರೋವರದ ನೀರನ್ನೇ. ಪೌರತ್ವ ಇನ್ನೂ ಸಿಗದಿದ್ದರೂ ನಿಮ್ಮ ಕ್ಷೇತ್ರದ ಸಂಸದರಿಗೆ ಬರೆಯಬಹುದು. ಹೌಸ್ ಆಫ್ ಕಾಮನ್ಸ್ ವಿಳಾಸಕ್ಕೆ ಕಳಿಸುವ ಪತ್ರಕ್ಕೆ ಅಂಚೆ ಚೀಟಿಯೂ ಬೇಕಿಲ್ಲ. ಮಗಳೇ ಬರೆಯಲಿ. ‘ಎಲ್ಲರಿಗೂ ನೀರು ಕೊಡಿ’ ಎಂದು ಬರೆದರೆ ಧನ್ಯವಾದದ ಉತ್ತರ ಬಂದು ನಿಂತುಹೋಗುತ್ತದೆ. ಅದರ ಬದಲು ಮೂರು ಮಾತು ಕೇಳಲಿ: ರಿಸರ್ವ್‌ಗಳ ಕುಡಿಯುವ ನೀರಿಗೆ ಕಾನೂನಿನ ಖಾತರಿ ಯಾವ ತಾರೀಖಿಗೆ ಬರುತ್ತದೆ, ಘಟಕ ನಡೆಸುವ ಖರ್ಚಿನ ಸೂತ್ರವನ್ನು ಕೊನೆಯ ಬಾರಿ ಯಾವಾಗ ತಿದ್ದಿದರು, ಶೋಲ್ ಲೇಕ್ 40ರಲ್ಲಿ ಘಟಕ ನೋಡಿಕೊಳ್ಳುವವರಿಗೆ ವಿನ್ನಿಪೆಗ್‌ನ ಘಟಕದವರಷ್ಟೇ ಸಂಬಳ ಸಿಗುತ್ತಿದೆಯೇ.